ಮ್ಯೂಸಿಕ್ ಪ್ಲೇಯರ್ ಆರಿಸುವಾಗ ಅದಕ್ಕೆ ಏನು ಬರೋದಿಲ್ಲ ಅಂತ ಮೊದಲು ನೋಡಿ

ಕಂಪ್ಯೂಟರಿಗೆ ಯಾವ ಮ್ಯೂಸಿಕ್ ಪ್ಲೇಯರ್ ಹಾಕಿಕೊಳ್ಳಲಿ ಅಂತ ಕೇಳುವವರು ಈಗ ಕಡಿಮೆ. ಎಲ್ಲರ ಹಾಡೂ ಫೋನಿಗೆ ಹೋಗಿದೆ. ಈಗಲೂ ಕೇಳುವವರು ಮನೆಯಲ್ಲಿ ಒಂದು ಹಳೆಯ ಹಾರ್ಡ್ ಡಿಸ್ಕ್ ಇಟ್ಟುಕೊಂಡವರು. ಅದರಲ್ಲಿ ಮಾವ ಪೆನ್‌ಡ್ರೈವಿನಲ್ಲಿ ಕೊಟ್ಟ ಭಾವಗೀತೆ ಇರುತ್ತದೆ, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆ ಇರುತ್ತದೆ, ಎಂದೋ ಸೀಡಿಯಿಂದ ತೆಗೆದ ಹಿಂದೂಸ್ತಾನಿ ಇರುತ್ತದೆ, ಒಂದೇ ಸಿನಿಮಾ ಹಾಡು ನಾಲ್ಕು ಹೆಸರಿನಲ್ಲಿ ನಾಲ್ಕು ಸಲ ಇರುತ್ತದೆ. ನನ್ನದೂ ಅದೇ ಕಥೆ.

ಪ್ಲೇಯರ್‌ಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲ್ಲವೂ ಎಂಪಿ3 ನುಡಿಸುತ್ತವೆ, ಎಲ್ಲದರಲ್ಲೂ ಈಕ್ವಲೈಜರ್ ಇದೆ, ಎಲ್ಲವೂ ಪ್ಲೇಲಿಸ್ಟ್ ಮಾಡುತ್ತವೆ. ಅದನ್ನು ಓದಿ ಆರಿಸಲು ಆಗುವುದಿಲ್ಲ. ಹಾಗಾಗಿ ನಾನು ಉಲ್ಟಾ ಹೋಗುತ್ತೇನೆ. ಯಾವುದಕ್ಕೆ ಏನು ಬರುವುದಿಲ್ಲ, ಯಾವುದಕ್ಕೆ ಎಂಥ ಚಟ ಇದೆ, ಅದರಲ್ಲಿ ಯಾವುದನ್ನು ನಾನು ಸಹಿಸಿಕೊಂಡು ಹೋಗಬಲ್ಲೆ ಅಂತ ನೋಡುತ್ತೇನೆ.

ವಿಎಲ್‌ಸಿಯಿಂದ ಶುರು ಮಾಡೋಣ, ಯಾಕೆಂದರೆ ಅದು ಹೇಗೂ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಕಾಲೇಜಿನಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ವಿಡಿಯೋ ಹರಿಸುವುದು ಅವರಿಗೆ ಬೇಕಿತ್ತು. 2001ರಿಂದ ಜಿಪಿಎಲ್ ಅನ್ನುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಲೈಸೆನ್ಸಿನಲ್ಲಿ ಎಲ್ಲರಿಗೂ ಸಿಗುತ್ತಿದೆ. ಅಂದರೆ ಹುಟ್ಟಿನಿಂದಲೇ ಅದು ವಿಡಿಯೋ ಪ್ಲೇಯರ್. ಹಾಡು ನುಡಿಸುತ್ತದೆ, ಯಾವ ಫೈಲ್ ಕೊಟ್ಟರೂ ನುಡಿಸುತ್ತದೆ, ಅರ್ಧ ಡೌನ್‌ಲೋಡ್ ಆದದ್ದನ್ನೂ ನುಡಿಸುತ್ತದೆ. ಆದರೆ ಸಂಗ್ರಹ ನೋಡಿಕೊಳ್ಳುವ ಕೆಲಸ ಅದಕ್ಕೆ ಬರುವುದಿಲ್ಲ. 3ನೇ ಆವೃತ್ತಿಯಲ್ಲಿ ನೀವು ಕಷ್ಟಪಟ್ಟು ಜೋಡಿಸಿದ ಪ್ಲೇಲಿಸ್ಟ್ ಸೇವ್ ಮಾಡದೆ ಮುಚ್ಚಿದರೆ ಹೋಯಿತು. ಇನ್ನೊಂದು, ಅದರ ವಾಲ್ಯೂಮ್ ನೂರಕ್ಕೆ ನಿಲ್ಲುವುದಿಲ್ಲ, 125ರವರೆಗೆ ಹೋಗುತ್ತದೆ. ಸಣ್ಣ ದನಿಯ ಹಳೆಯ ರೆಕಾರ್ಡಿಂಗ್‌ಗೆ ಅದು ವರ. ಆದರೆ ಹೊಸ ಸಿನಿಮಾ ಹಾಡಿಗೆ ಹಾಗೆಯೇ ಬಿಟ್ಟರೆ ದನಿ ಒಡೆದು ಕರ್ಕಶವಾಗುತ್ತದೆ, ಜನ ಸ್ಪೀಕರ್ ಹಾಳಾಗಿದೆ ಅಂದುಕೊಳ್ಳುತ್ತಾರೆ. ಡಿಸೆಂಬರ್ ಕೊನೆಗೆ ಅದರ ಕಿತ್ತಳೆ ಕೋನ್ ಸಾಂತಾ ಟೋಪಿ ಹಾಕಿಕೊಳ್ಳುತ್ತದೆ. ಅದು ವೈರಸ್ ಅಲ್ಲ, ಹೆದರಬೇಡಿ. ನನಗೆ ಒಬ್ಬರು ಇದಕ್ಕಾಗಿಯೇ ಫೋನ್ ಮಾಡಿದ್ದರು.

ವಿಎಲ್‌ಸಿಯ ನಿಜವಾದ ಕೊರತೆ ಬೇರೆ. ಎರಡು ಟ್ರ್ಯಾಕ್ ನಡುವೆ ಅದು ಒಂದು ಚೂರು ಸುಮ್ಮನಾಗುತ್ತದೆ. ಸಿನಿಮಾ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಿಂದೂಸ್ತಾನಿ ಕೇಳುವವರಿಗೆ ತಲೆ ಕೆಡುತ್ತದೆ. ಧಾರವಾಡ ಕಡೆಯ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರರದೋ ಭೀಮಸೇನ ಜೋಶಿಯವರದೋ ಕಛೇರಿ ಸೀಡಿ ಇದ್ದೇ ಇರುತ್ತದೆ. ಅಂಥ ಸೀಡಿಗಳಲ್ಲಿ ನಿಧಾನದ ವಿಲಂಬಿತ್ ಒಂದು ಟ್ರ್ಯಾಕ್, ವೇಗದ ದ್ರುತ್ ಇನ್ನೊಂದು ಟ್ರ್ಯಾಕ್ ಮಾಡಿರುತ್ತಾರೆ. ಹಾಡಿದ್ದು ಮಾತ್ರ ಒಂದೇ ಉಸಿರಿನಲ್ಲಿ. ತಬಲಾ ಲಯ ಏರಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬೀಳುವ ಹೊತ್ತಿಗೆ ಸರಿಯಾಗಿ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಮತ್ತೆ ಶುರು. ಊಟಕ್ಕೆ ಕೂತಾಗ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗೆ.

ಇದು ಯಾಕೆ ಆಗುತ್ತದೆ ಅಂದರೆ, ಎಂಪಿ3 ಹಾಡನ್ನು ತುಂಡು ತುಂಡು ಮಾಡಿ ಇಡುತ್ತದೆ. ಒಂದು ತುಂಡಿನಲ್ಲಿ 1152 ಸ್ಯಾಂಪಲ್ (ದನಿಯ ಅಳತೆ), ಸೀಡಿಯ ಗುಣಮಟ್ಟದಲ್ಲಿ ಸುಮಾರು 26 ಮಿಲಿಸೆಕೆಂಡ್. ಹಾಡು ಸರಿಯಾಗಿ ತುಂಡಿನ ಅಂಚಿಗೆ ಮುಗಿಯುವುದು ಅಪರೂಪ, ಹಾಗಾಗಿ ಎನ್‌ಕೋಡರ್, ಅಂದರೆ ಎಂಪಿ3 ತಯಾರಿಸುವ ಪ್ರೋಗ್ರಾಮ್, ಮುಂದೆ ಹಿಂದೆ ಸ್ವಲ್ಪ ಮೌನ ತುಂಬುತ್ತದೆ. ಎಷ್ಟು ತುಂಬಿದೆ ಅನ್ನುವುದನ್ನು ಲೇಮ್‌ನಂಥ ಎನ್‌ಕೋಡರ್ ಫೈಲಿನ ತಲೆಯಲ್ಲೇ ಬರೆದಿಡುತ್ತದೆ. ಪ್ಲೇಯರ್ ಅದನ್ನು ಓದಿ ಅಷ್ಟನ್ನು ಕತ್ತರಿಸಿ, ಮುಂದಿನ ಫೈಲನ್ನು ಮೊದಲೇ ತೆರೆದಿಟ್ಟುಕೊಂಡರೆ ಅಂತರ ಇರುವುದಿಲ್ಲ. ಫೂಬಾರ್2000, ಮ್ಯೂಸಿಕ್‌ಬೀ ಅನ್ನುವ ಎರಡು ಪ್ಲೇಯರ್ ಇದನ್ನು ಮಾಡುತ್ತವೆ. ವಿಎಲ್‌ಸಿ 3 ಮಾಡುವುದಿಲ್ಲ. ಗುಣಮಟ್ಟ ಕಳೆಯದೆ ಹಾಡನ್ನು ಕುಗ್ಗಿಸುವ ಫ್ಲಾಕ್ ಫೈಲಿನಲ್ಲಿ ಈ ತುಂಬಿದ ಮೌನದ ಕಾಟ ಇಲ್ಲ, ಆದರೂ ಪ್ಲೇಯರ್ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಸಮಯ ಇದ್ದೇ ಇರುತ್ತದಲ್ವಾ.

ಈಗ ಫೂಬಾರ್2000. ನನ್ನ ಮೆಚ್ಚಿನದು, ಮೊದಲೇ ಹೇಳಿಬಿಡುತ್ತೇನೆ. ವಿನ್ಆಂಪ್ ಅನ್ನುವ ಹಳೆಯ ಪ್ಲೇಯರ್ ಮಾಡಿದ ನಲ್‌ಸಾಫ್ಟ್ ಕಂಪನಿಗೆ ಕೆಲಸ ಮಾಡಿದ್ದ ಪೀಟರ್ ಪಾವ್ಲೋವ್‌ಸ್ಕಿ 2002ರಲ್ಲಿ ಹೊರತಂದದ್ದು. ತೆರೆದ ಕೂಡಲೇ ನಿಮಗೆ ಕಾಣುವುದು ಹಳೆಯ ಸರ್ಕಾರಿ ಕಚೇರಿಯ ರಿಜಿಸ್ಟರ್. ಸಾಲು, ಕಾಲಮ್, ಅಷ್ಟೇ. ಚೆನ್ನಾಗಿ ಕಾಣಬೇಕೆಂದರೆ ನೀವೇ ಕೂತು ಜೋಡಿಸಬೇಕು. ಜೋಡಿಸಲು ಶುರು ಮಾಡಿದರೆ ಭಾನುವಾರ ಪೂರ್ತಿ ಹೋಗುತ್ತದೆ, ಹಾಡು ಕೇಳುವುದು ಮರೆತುಹೋಗುತ್ತದೆ. ವಾಲ್ಯೂಮ್ ಅದರಲ್ಲಿ ಡೆಸಿಬೆಲ್‌ನಲ್ಲಿದೆ, ಅದೂ ಮೈನಸ್‌ನಲ್ಲಿ. ಸೊನ್ನೆ ಅಂದರೆ ಪೂರ್ತಿ ಜೋರು. ನಮ್ಮಪ್ಪ ಮೊದಲ ದಿನ ಅದನ್ನು ನೋಡಿ "ಸೊನ್ನೆಗೆ ಇಟ್ಟಿದ್ದೀನಿ, ಆದ್ರೂ ಕಿರುಚ್ತಾ ಇದೆಯಲ್ಲೋ" ಅಂದರು.

2023ರಲ್ಲಿ 2.0 ಬಂದು 64 ಬಿಟ್ ಆಯಿತು, ಕಪ್ಪು ಬಣ್ಣದ ತೆರೆಯೂ ಬಂತು. ಆದರೆ ಇಪ್ಪತ್ತು ವರ್ಷದಿಂದ ಜನ ಬರೆದ ಹಳೆಯ ಕಾಂಪೊನೆಂಟ್‌ಗಳು, ಅಂದರೆ ಪ್ಲೇಯರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಮ್‌ಗಳು, 32 ಬಿಟ್‌ನವು, ಅವನ್ನು ಬರೆದವರೇ ಮತ್ತೆ ತಯಾರು ಮಾಡದಿದ್ದರೆ 64 ಬಿಟ್ ಆವೃತ್ತಿಯಲ್ಲಿ ನಡೆಯುವುದಿಲ್ಲ. ಹಾಗಾಗಿ ಡೌನ್‌ಲೋಡ್ ಮಾಡುವಾಗ ಯಾವುದನ್ನು ತೆಗೆದುಕೊಳ್ಳುತ್ತಿದ್ದೀರಿ ಅಂತ ನೋಡಿ. ಹೊಸದಾಗಿ ಶುರು ಮಾಡುವವರು 64 ಬಿಟ್ ಹಾಕಿಕೊಳ್ಳಿ. ಹಳೆಯ ಜೋಡಣೆ ಇರುವವರು 32ರಲ್ಲೇ ಇರುವುದು ವಾಸಿ. ಮ್ಯಾಕ್‌ಗೂ ಒಂದು ಫೂಬಾರ್ ಇದೆ, ಆದರೆ ವಿಂಡೋಸಿನ ಕಾಂಪೊನೆಂಟ್ ಅಲ್ಲಿ ಹಾಕಲಾಗುವುದಿಲ್ಲ, ಅದು ಹೆಸರಿಗೆ ಮಾತ್ರ ಅಣ್ಣ ತಮ್ಮ. ಎಂಪಿ3ಗೆ ಪರಿವರ್ತಿಸಬೇಕೆಂದರೆ ಎನ್‌ಕೋಡರ್ ಬೇರೆಯಾಗಿ ಹಾಕಬೇಕು.

ಫೂಬಾರ್‌ನ ಇನ್ನೊಂದು ಚಟ ತುಂಬಾ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ಹಾಡನ್ನು ಎಷ್ಟು ಸಲ ಕೇಳಿದ್ದೀರಿ, ಎಷ್ಟು ಸ್ಟಾರ್ ಕೊಟ್ಟಿದ್ದೀರಿ ಅನ್ನುವ ಲೆಕ್ಕವನ್ನು ಪ್ಲೇಬ್ಯಾಕ್ ಸ್ಟ್ಯಾಟಿಸ್ಟಿಕ್ಸ್ ಅನ್ನುವ ಕಾಂಪೊನೆಂಟ್ ಇಡುತ್ತದೆ. ಅದು ಹಾಡನ್ನು ಗುರುತಿಸುವುದು ಫೈಲ್ ಎಲ್ಲಿದೆ ಅನ್ನುವುದರಿಂದ ಅಲ್ಲ, ಕಲಾವಿದ, ಆಲ್ಬಮ್, ಟ್ರ್ಯಾಕ್ ನಂಬರ್, ಹಾಡಿನ ಹೆಸರು ಇವುಗಳಿಂದ. ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದರೆ ಲೆಕ್ಕ ಉಳಿಯುತ್ತದೆ. ಆದರೆ ಫೂಬಾರ್‌ನ ಹೊರಗೆ ಬೇರೆ ಪ್ರೋಗ್ರಾಮಿನಲ್ಲಿ ಕೂತು ಇಂಗ್ಲಿಷಿನಲ್ಲಿದ್ದ ಹೆಸರನ್ನೆಲ್ಲ ಕನ್ನಡಕ್ಕೆ ಬದಲಾಯಿಸಿದಿರಿ ಅನ್ನಿ, ಅದರ ಕಣ್ಣಿಗೆ ಅದು ಹೊಸ ಹಾಡು. ಹಾಗಾಗಿ ಮೊದಲು ಹೆಸರು ಸರಿಮಾಡಿ, ಆಮೇಲೆ ಸ್ಟಾರ್ ಕೊಡಿ.

ಆಪಲ್‌ನ ಐಟ್ಯೂನ್ಸ್‌ನದು ಇದಕ್ಕೆ ತದ್ವಿರುದ್ಧ. ಫೈಲ್ ಎಲ್ಲಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ, ನೀವು ಎಕ್ಸ್‌ಪ್ಲೋರರ್‌ನಲ್ಲಿ ಫೋಲ್ಡರ್ ಸರಿಸಿದರೆ ಹಾಡಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕೂರುತ್ತದೆ. ಸ್ಟಾರ್‌ಗಳನ್ನು ತನ್ನ ಲೈಬ್ರರಿಯಲ್ಲೇ ಇಟ್ಟುಕೊಳ್ಳುತ್ತದೆ, ಫೈಲಿನೊಳಗೆ ಬರೆಯುವುದಿಲ್ಲ. ಒಂದು ಫೋಲ್ಡರಿಗೆ ಹೊಸ ಹಾಡು ಬಂದರೆ ತಾನಾಗಿ ನೋಡಿಕೊಳ್ಳುವುದಿಲ್ಲ, ಅದಕ್ಕೇ ಅಂತ ಇಟ್ಟ ಒಂದು ವಿಶೇಷ ಫೋಲ್ಡರಿಗೆ ಹಾಕಿದರೆ ಮಾತ್ರ ಒಳಗೆ ತೆಗೆದುಕೊಳ್ಳುತ್ತದೆ. ಫ್ಲಾಕ್ ನುಡಿಸುವುದೇ ಇಲ್ಲ, ಆಪಲ್ ಅದೇ ಥರದ ತನ್ನದೇ ಅಲಾಕ್ ಇಟ್ಟುಕೊಂಡಿದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಐಟ್ಯೂನ್ಸ್ ಹೋಗಿ ಮ್ಯೂಸಿಕ್ ಅಂತ ಆಯಿತು. ಇಷ್ಟೆಲ್ಲ ಬೈದಮೇಲೂ ಒಂದು ಒಳ್ಳೆಯ ಮಾತು ಹೇಳಬೇಕು. ಯಾವುದೇ ಫೈಲಿಗೆ "ಎಲ್ಲಿ ನಿಲ್ಲಿಸಿದೆ ಅನ್ನುವುದು ನೆನಪಿರಲಿ" ಅಂತ ಟಿಕ್ ಹಾಕಬಹುದು. ಮೂರೂವರೆ ಗಂಟೆಯ ತಾಳಮದ್ದಳೆಯನ್ನು ನಾಲ್ಕು ರಾತ್ರಿ ಕೇಳುವವರಿಗೆ ಇದರ ಬೆಲೆ ಗೊತ್ತು.

ಉದ್ದದ ರೆಕಾರ್ಡಿಂಗ್ ಅಂದಾಗ ಇನ್ನೂ ಎರಡು ಮಾತು. ಯಕ್ಷಗಾನದ ಹಳೆಯ ಎಂಪಿ3 ಕೆಲವು ವೇರಿಯಬಲ್ ಬಿಟ್‌ರೇಟ್‌ನವು (ವಿಬಿಆರ್, ತುಂಡಿನಿಂದ ತುಂಡಿಗೆ ಗಾತ್ರ ಬದಲಾಗುವಂಥವು), ಆದರೆ ಫೈಲಿನ ತಲೆಯಲ್ಲಿ ಅದನ್ನು ಹೇಳುವ ಟಿಪ್ಪಣಿ ಇರುವುದಿಲ್ಲ. ಆಗ ಪ್ಲೇಯರ್ ಮೊದಲ ತುಂಡು ನೋಡಿ ಉದ್ದ ಊಹಿಸುತ್ತದೆ. ಮೂರು ಗಂಟೆಯದನ್ನು ಏಳು ಗಂಟೆ ಅಂತ ತೋರಿಸುತ್ತದೆ, ಮಧ್ಯಕ್ಕೆ ಕ್ಲಿಕ್ ಮಾಡಿದರೆ ಇನ್ನೆಲ್ಲೋ ಹೋಗಿ ಬೀಳುತ್ತದೆ. ಪ್ಲೇಯರ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ, ಫೈಲನ್ನೇ ರಿಪೇರಿ ಮಾಡಬೇಕು. ಫೂಬಾರ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಯುಟಿಲಿಟೀಸ್ ಅಡಿ ಎಂಪಿ3ಯ ವಿಬಿಆರ್ ಹೆಡರ್ ಸರಿಪಡಿಸುವ ಆಯ್ಕೆ ಇದೆ, ಒಂದು ನಿಮಿಷದ ಕೆಲಸ. ಇನ್ನೊಂದು, ಕ್ಯಾಸೆಟ್ ಇಳಿಸುವವರು ಕುಗ್ಗಿಸದ ವೇವ್ ಫೈಲ್ ಮಾಡುತ್ತಾರೆ. ವೇವ್‌ಗೆ 4 ಜೀಬಿ ಮಿತಿ ಇದೆ. ಸೀಡಿ ಗುಣಮಟ್ಟದಲ್ಲಿ ಅದು ಆರೂ ಮುಕ್ಕಾಲು ಗಂಟೆ, ಸಾಕು. ಆದರೆ ಯಾರೋ ಹೇಳಿದರು ಅಂತ 24 ಬಿಟ್ 96 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ ಎರಡು ಗಂಟೆಗೆ ಮುಗಿಯುತ್ತದೆ. ಅದನ್ನು ದಾಟಿದ ಫೈಲನ್ನು ಕೆಲವು ಪ್ಲೇಯರ್ ತೆರೆಯುವುದಿಲ್ಲ, ಕೆಲವು ಸ್ವಲ್ಪ ನುಡಿಸಿ ನಿಲ್ಲಿಸುತ್ತವೆ.

ಮ್ಯೂಸಿಕ್‌ಬೀ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಬೈಯಲು ಜಾಸ್ತಿ ಇಲ್ಲ. ವಿಂಡೋಸಿಗೆ ಮಾತ್ರ. ಮೊದಲ ದಿನವೇ ಚೆನ್ನಾಗಿ ಕಾಣುತ್ತದೆ, ಹೆಸರು ತಿದ್ದುವುದು ಸುಲಭ, ಆಡಿಯೋಬುಕ್ ಅಂತ ಬೇರೆ ಇಟ್ಟರೆ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುತ್ತದೆ. ನಾನು ತಾಳಮದ್ದಳೆಯನ್ನೆಲ್ಲ ಅಲ್ಲಿಗೇ ತಳ್ಳುತ್ತೇನೆ. ಕೊರತೆ ಅಂದರೆ ಸೆಟ್ಟಿಂಗ್ ಸಿಕ್ಕಾಪಟ್ಟೆ, ಒಂದು ಸಣ್ಣ ವಿಷಯ ಎಲ್ಲಿದೆ ಅಂತ ಹುಡುಕಿ ಸಾಕಾಗುತ್ತದೆ. ಜೊತೆಗೆ ಇದು ಒಬ್ಬರೇ ನಡೆಸುವ ಪ್ರಾಜೆಕ್ಟ್. ಅವರು ಬಿಟ್ಟರೆ ಮುಂದೇನು ಅನ್ನುವ ಅಳುಕು ನನಗಂತೂ ಇದೆ.

ವಿಂಡೋಸ್ ಮೀಡಿಯಾ ಪ್ಲೇಯರ್ ಬೇಡ. ಅಷ್ಟೇ ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಕಾರಣ ಹೇಳುತ್ತೇನೆ. 2009ರಲ್ಲಿ ವಿಂಡೋಸ್ 7 ಜೊತೆ ಬಂದ 12ನೇ ಆವೃತ್ತಿ ಇನ್ನೂ ತುಂಬಾ ಕಡೆ ಇದೆ. ಇದಕ್ಕೆ ಒಂದು ಕೆಟ್ಟ ಚಟ. ಹಾಡಿನ ಫೋಲ್ಡರಿನಲ್ಲಿ ಫೋಲ್ಡರ್ ಡಾಟ್ ಜೆಪಿಜಿ ಅಂತ ನೀವು ದೊಡ್ಡ ಕವರ್ ಚಿತ್ರ ಇಟ್ಟಿದ್ದರೆ, ಅದರ ಮೇಲೆ ತನ್ನ 200 ಪಿಕ್ಸೆಲ್ ಚಿತ್ರ ಬರೆದುಬಿಡುತ್ತದೆ. ಕ್ಯಾಸೆಟ್ಟಿನ ಒಳಪಟ್ಟಿಯನ್ನು ಸ್ಕ್ಯಾನ್ ಮಾಡಿ ಇಟ್ಟವರು ಇದನ್ನು ಓದಿದ ಕೂಡಲೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಸೀಡಿಯಿಂದ ಹಾಡು ಇಳಿಸುವಾಗ ಕಾಪಿ ಪ್ರೊಟೆಕ್ಟ್ ಅನ್ನುವುದಕ್ಕೆ ಟಿಕ್ ಇದ್ದರಂತೂ, ನಿಮ್ಮದೇ ದುಡ್ಡಿನ ಸೀಡಿಯ ಹಾಡು ಮುಂದಿನ ಕಂಪ್ಯೂಟರಿನಲ್ಲಿ ಬರುವುದಿಲ್ಲ. ವಿಂಡೋಸ್ 11ರಲ್ಲಿ 2022ರಿಂದ ಸುಮ್ನೆ ಮೀಡಿಯಾ ಪ್ಲೇಯರ್ ಅಂತ ಹೊಸದು ಬಂದಿದೆ. ನೋಡಲು ಚೆನ್ನಾಗಿದೆ. ನಾಲ್ಕು ಹಾಡು ಕೇಳುವವರಿಗೆ ಸಾಕು.

ವಿನ್ಆಂಪ್ ಕೇಳುವವರು ಇನ್ನೂ ಇದ್ದಾರೆ. 1997ರ ಪ್ಲೇಯರ್, ಸೈಬರ್ ಕೆಫೆ ಕಾಲದ ನೆನಪು. 1999ರಲ್ಲಿ ಎಒಎಲ್ ಕಂಪನಿ ಕೊಂಡಿತು, 2013ರಲ್ಲಿ ಮುಚ್ಚುತ್ತೇವೆ ಅಂದಿತು, 2014ರಲ್ಲಿ ರೇಡಿಯೋನಮಿ ಕಂಪನಿಯ ಕೈಗೆ ಹೋಯಿತು. 2022ರಲ್ಲಿ 5.9 ಬಂತು. 2024ರಲ್ಲಿ ಸೋರ್ಸ್ ಕೋಡ್ ಹೊರಹಾಕಿ ಕೆಲವೇ ವಾರದಲ್ಲಿ ವಾಪಸ್ ತೆಗೆದರು. ಈಗ ಹಾಕಿಕೊಂಡರೆ ಮೊದಲು ಆಗುವುದು ಏನೆಂದರೆ, ಅದು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಸ್ಕಿನ್‌ನ (ಪ್ಲೇಯರ್‌ನ ಹೊರರೂಪ) ಮುಖ್ಯ ಕಿಟಕಿ 275 ಪಿಕ್ಸೆಲ್ ಅಗಲ, 116 ಎತ್ತರ. 3840 ಪಿಕ್ಸೆಲ್ ಅಗಲದ ಈಗಿನ ಮಾನಿಟರಿನಲ್ಲಿ ಅದು ಅಂಚೆಚೀಟಿ. ಎರಡರಷ್ಟು ಮಾಡುವ ಆಯ್ಕೆ ಇದೆ, ಆಗ ಎರಡು ಅಂಚೆಚೀಟಿ. ಆ ಸ್ಕಿನ್‌ನಲ್ಲಿ ಅಕ್ಷರ ಬರುವುದು ಒಂದು ಚಿತ್ರದಿಂದ, ಆ ಚಿತ್ರದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಬಿಟ್ಟರೆ ಹೆಚ್ಚೇನಿಲ್ಲ. ಕನ್ನಡ ಬೇಕಿದ್ದರೆ ಕ್ಲಾಸಿಕ್ ಸ್ಕಿನ್ ಸೆಟ್ಟಿಂಗ್‌ನಲ್ಲಿ ಬಿಟ್‌ಮ್ಯಾಪ್ ಫಾಂಟ್ ಅನ್ನುವ ಟಿಕ್ ತೆಗೆಯಬೇಕು. ತೆಗೆದರೆ ಕನ್ನಡ ಬರುತ್ತದೆ, ಆದರೆ ಆ ಸಣ್ಣ ಪಟ್ಟಿಯಲ್ಲಿ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. ನೆನಪಿಗಾಗಿ ಇಟ್ಟುಕೊಳ್ಳಿ, ಕೆಲಸಕ್ಕಲ್ಲ.

ಲಿನಕ್ಸ್‌ನವರಿಗೆ ಸ್ಟ್ರಾಬೆರಿ. ಅಮರಾಕ್ ಅನ್ನುವ ಹಳೆಯ ಪ್ಲೇಯರ್‌ನ 1.4ರಿಂದ ಕ್ಲೆಮೆಂಟೈನ್ ಕವಲೊಡೆಯಿತು, ಕ್ಲೆಮೆಂಟೈನ್ ನಿಧಾನವಾದಾಗ 2018ರಲ್ಲಿ ಅದರಿಂದ ಸ್ಟ್ರಾಬೆರಿ. ಹಣ್ಣಿನ ಅಂಗಡಿ ಇದ್ದ ಹಾಗೆ ಇದೆ, ಆದರೆ ಕೆಲಸ ಅಚ್ಚುಕಟ್ಟು. ಹಾಡು ಬರದಿದ್ದರೆ ಮೊದಲು, ನುಡಿಸಲು ಅದು ನೆಚ್ಚಿಕೊಂಡ ಜಿಸ್ಟ್ರೀಮರ್‌ನ ಪ್ಲಗಿನ್ ಹಾಕಿದ್ದೀರಾ ನೋಡಿ, ಪ್ಲೇಯರ್ ಮೇಲೆ ಸಿಟ್ಟು ಆಮೇಲೆ. ಆಡೇಶಿಯಸ್ ಅನ್ನುವ ಇನ್ನೊಂದು ಪ್ಲೇಯರ್ ಹಗುರ, ವಿನ್ಆಂಪ್ ಸ್ಕಿನ್ ಹಾಕಬಹುದು, ಆದರೆ ದೊಡ್ಡ ಸಂಗ್ರಹಕ್ಕೆ ಹೇಳಿದ್ದಲ್ಲ.

ಇನ್ನು ಕನ್ನಡದ ಗೋಳು. ಇದು ಯಾವುದೇ ಪ್ಲೇಯರ್‌ನ ಜಾಹೀರಾತಿನಲ್ಲಿ ಇರುವುದಿಲ್ಲ, ನಮಗೆ ಮಾತ್ರ ಗೊತ್ತಾಗುವುದು.

ಮೊದಲನೆಯದು ಪ್ಲೇಲಿಸ್ಟ್. ಎಂ3ಯು ಅಂತ ಸೇವ್ ಮಾಡಿದರೆ ಹಲವು ಪ್ಲೇಯರ್ ವಿಂಡೋಸಿನ ಹಳೆಯ ಕೋಡ್ ಪೇಜಿನಲ್ಲಿ (ಒಂದೊಂದು ಲಿಪಿಗೆ ಇಟ್ಟ ಅಕ್ಷರಗಳ ಪಟ್ಟಿ) ಬರೆಯುತ್ತವೆ. ತಮಾಷೆ ಏನೆಂದರೆ ಹಾಗೆ ಬರೆಯಲು ಕನ್ನಡಕ್ಕೆ ನಡೆಯುವ ಕೋಡ್ ಪೇಜೇ ಇಲ್ಲ. ಹಾಗಾಗಿ ಫೈಲಿನ ಹೆಸರು ಕನ್ನಡದಲ್ಲಿದ್ದರೆ ಪ್ಲೇಲಿಸ್ಟ್ ತುಂಬಾ ಪ್ರಶ್ನಾರ್ಥಕ ಚಿಹ್ನೆ, ಒಂದು ಹಾಡೂ ಸಿಗುವುದಿಲ್ಲ. ಎಂ3ಯು8 ಅಂತ ಸೇವ್ ಮಾಡಿ, ಅದು ಎಲ್ಲ ಭಾಷೆಗೂ ಆಗುವ ಯುಟಿಎಫ್-8. ಎರಡನೆಯದು ಹಳೆಯ ಐಡಿ3 ಟ್ಯಾಗ್, ಅಂದರೆ ಎಂಪಿ3ಯೊಳಗೆ ಹಾಡು, ಕಲಾವಿದರ ಹೆಸರು ಬರೆದಿಡುವ ಜಾಗ. ಅದರ ಮೊದಲ ಆವೃತ್ತಿಯಲ್ಲಿ ಹೆಸರಿಗೆ ಇರುವುದು 30 ಬೈಟ್. ಅದು ಇಂಗ್ಲಿಷಿಗೆ ಅಂತ ಮಾಡಿದ್ದು. ಯಾವುದಾದರೂ ಪ್ರೋಗ್ರಾಮ್ ಅಲ್ಲಿಗೆ ಕನ್ನಡ ಯುಟಿಎಫ್-8 ತುರುಕಿದರೆ, ಅಕ್ಷರ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತದ ಗುರುತು ಎಲ್ಲಕ್ಕೂ ತಲಾ 3 ಬೈಟ್, ಅಂದರೆ ಹತ್ತಕ್ಕೆ ಮುಗಿಯಿತು. ಮಲ್ಲಿಕಾರ್ಜುನ ಮನಸೂರ ಅಂತ ಬರೆದದ್ದು "ಮಲ್ಲಿಕಾರ್ಜ" ಅಂತ ನಿಲ್ಲುತ್ತದೆ. 2.3 ಅಥವಾ 2.4 ಟ್ಯಾಗ್ ಬಳಸಿ. ಹಳೆಯ ವಿಂಡೋಸ್ 2.4 ಓದುವುದಿಲ್ಲ, ಹಾಗಾಗಿ 2.3 ಎಲ್ಲ ಕಡೆ ನಡೆಯುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೇ 255 ಬೈಟ್ ಮಿತಿ, ಕನ್ನಡದಲ್ಲಿ ಅದು 85. ಭಾಗವತರು, ಅರ್ಥಧಾರಿಗಳು, ಪ್ರಸಂಗ, ಊರು ಎಲ್ಲವನ್ನೂ ಫೈಲಿನ ಹೆಸರಿಗೇ ಹಾಕುವವರಿಗೆ ಇದು ಬೇಗ ಮುಗಿಯುತ್ತದೆ.

ಇನ್ನು ಕೆಲವು ಸಂಗ್ರಹದಲ್ಲಿ ಹೆಸರುಗಳನ್ನು ಯೂನಿಕೋಡ್ ಬಳಕೆಗೆ ಬರುವ ಮೊದಲೇ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಯಾವ ಪ್ಲೇಯರ್‌ನಲ್ಲೂ ಅದು ಫ್ರೆಂಚ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಪ್ಲೇಯರ್‌ನ ಫಾಂಟನ್ನೇ ನುಡಿ ಮಾಡಿದರೆ ಅದು ಸರಿಹೋಗುತ್ತದೆ, ಉಳಿದ ಇಂಗ್ಲಿಷ್ ಎಲ್ಲ ಕೆಡುತ್ತದೆ. ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿ ಇಲ್ಲ.

ನಮ್ಮ ಸಿನಿಮಾ ಹಾಡಿಗೆ ಇನ್ನೊಂದು ತೊಂದರೆ. ಒಂದು ಸಿನಿಮಾದಲ್ಲಿ ಆರು ಹಾಡು, ಒಂದನ್ನು ರಾಜ್‌ಕುಮಾರ್ ಹಾಡಿರುತ್ತಾರೆ, ಒಂದನ್ನು ಎಸ್. ಜಾನಕಿ, ಒಂದನ್ನು ಇಬ್ಬರೂ. ಆಲ್ಬಮ್ ಆರ್ಟಿಸ್ಟ್ ಅನ್ನುವ ಜಾಗ ಖಾಲಿ ಇದ್ದರೆ ಹೆಚ್ಚಿನ ಪ್ಲೇಯರ್ ಒಂದು ಸಿನಿಮಾವನ್ನು ಮೂರು ಆಲ್ಬಮ್ ಮಾಡಿ ತೋರಿಸುತ್ತವೆ. ಪಾಶ್ಚಾತ್ಯ ಬ್ಯಾಂಡ್‌ನ ಆಲ್ಬಮ್ ಮನಸ್ಸಿನಲ್ಲಿಟ್ಟು ಮಾಡಿದ್ದು ಇದೆಲ್ಲ, ಅಲ್ಲಿ ಆಲ್ಬಮ್ ಪೂರ್ತಿ ಒಂದೇ ಬ್ಯಾಂಡ್‌ನದು. ಆ ಜಾಗಕ್ಕೆ ಸಂಗೀತ ನಿರ್ದೇಶಕರ ಹೆಸರು ಹಾಕಿ, ಎಲ್ಲ ಒಂದಾಗುತ್ತದೆ. ಇಬ್ಬರ ಹೆಸರಿನ ನಡುವೆ ಓರೆಗೆರೆ ಮಾತ್ರ ಹಾಕಬೇಡಿ. ಐಡಿ3 2.3ರಲ್ಲಿ ಅದು ಎರಡು ಹೆಸರು ಬೇರೆ ಮಾಡುವ ಗುರುತು, ಒಂದು ಪ್ಲೇಯರ್ ಇಬ್ಬರು ಅನ್ನುತ್ತದೆ, ಇನ್ನೊಂದು ಒಬ್ಬರೇ ಅನ್ನುತ್ತದೆ.

ಒಂದು ಎಚ್ಚರಿಕೆ, ಇದು ಅನುಭವಿಸಿದ್ದು. ಒಂದು ಪ್ಲೇಯರ್‌ಗೆ, ಹೆಸರು ಬೇಡ, ಇಂಟರ್ನೆಟ್ಟಿನಿಂದ ಹೆಸರು ತಾನೇ ತುಂಬು ಅಂತ ಹೇಳಿ ರಾತ್ರಿ ಮಲಗಿದೆ. ಬೆಳಿಗ್ಗೆ ನೋಡಿದರೆ ಚಿಕ್ಕಪ್ಪನ ನಲವತ್ತು ತಾಳಮದ್ದಳೆ ಫೈಲುಗಳು ಯಾವುದೋ ಇಂಗ್ಲಿಷ್ ಬ್ಯಾಂಡ್‌ನ ಹಾಡುಗಳಾಗಿದ್ದವು, ಕವರ್‌ನಲ್ಲಿ ಗಿಟಾರ್ ಹಿಡಿದ ನಾಲ್ಕು ಜನ. ಫೈಲಿನ ಹೆಸರೂ ಬದಲಾಗಿತ್ತು. ಯಾವುದು ಯಾವ ಪ್ರಸಂಗ ಅಂತ ಗೊತ್ತಾಗಲು ಚಿಕ್ಕಪ್ಪನನ್ನು ಕೂರಿಸಿಕೊಂಡು ಪ್ರತಿಯೊಂದನ್ನೂ ಎರಡು ನಿಮಿಷ ಕೇಳಿಸಬೇಕಾಯಿತು. ಅವರು ಎರಡು ನಿಮಿಷಕ್ಕೆ ನಿಲ್ಲಿಸಲು ಬಿಡಬೇಕಲ್ಲ, ಮೂರು ಭಾನುವಾರ ಹೋಯಿತು. ಆಟೋ ಟ್ಯಾಗ್ ಯಾವ ಪ್ಲೇಯರ್‌ನಲ್ಲಿದ್ದರೂ ಮೊದಲು ಆಫ್ ಮಾಡಿ.

ಹಾಗಾದರೆ ಯಾವುದು? ಆರಿಸುವ ಮೊದಲು ಒಂದು ಸಣ್ಣ ಫೋಲ್ಡರ್ ಮಾಡಿಕೊಳ್ಳಿ. ಕನ್ನಡ ಹೆಸರಿನ ಒಂದು ಫೈಲ್, ಎರಡು ಟ್ರ್ಯಾಕ್ ಆದ ಒಂದು ರಾಗ, ಬೇರೆ ಬೇರೆ ಗಾಯಕರ ಒಂದು ಸಿನಿಮಾ, ಮೂರು ಗಂಟೆಯ ಒಂದು ತಾಳಮದ್ದಳೆ, ಒಂದು ಫ್ಲಾಕ್. ಇಷ್ಟನ್ನು ಪ್ಲೇಯರ್‌ಗೆ ಕೊಡಿ, ಸ್ಟಾರ್ ಹಾಕಿ, ಫೋಲ್ಡರ್ ಬೇರೆ ಕಡೆ ಸರಿಸಿ, ಮತ್ತೆ ತೆರೆಯಿರಿ. ಕಾಲು ಗಂಟೆಯಲ್ಲಿ ಅದರ ಬಣ್ಣ ಬಯಲಾಗುತ್ತದೆ. ಶಾಸ್ತ್ರೀಯ ಜಾಸ್ತಿ ಇದ್ದು ತಿದ್ದುವ ಹುಚ್ಚು ಇದ್ದರೆ ಫೂಬಾರ್. ಹುಚ್ಚಿಲ್ಲದೆ ಎಲ್ಲ ಅಚ್ಚುಕಟ್ಟಾಗಿ ಕಾಣಬೇಕಿದ್ದರೆ ಮ್ಯೂಸಿಕ್‌ಬೀ. ಲಿನಕ್ಸ್ ಆದರೆ ಸ್ಟ್ರಾಬೆರಿ. ವಿಎಲ್‌ಸಿ ಹೇಗೂ ಇರಲಿ, ಬೇರೆಯವು ತೆರೆಯದ ಫೈಲ್ ಬಂದಾಗ ಬೇಕಾಗುತ್ತದೆ.

ನಾನು ನನ್ನದಕ್ಕೆ ಫೂಬಾರ್ ಹಾಕಿಕೊಂಡಿದ್ದೇನೆ. ಅಪ್ಪನ ಕಂಪ್ಯೂಟರಿಗೆ ಮ್ಯೂಸಿಕ್‌ಬೀ. ಆದರೂ ಅವರು ಫೋಲ್ಡರ್ ತೆರೆದು ಹಾಡಿನ ಮೇಲೆ ಡಬಲ್ ಕ್ಲಿಕ್ ಮಾಡಿ ವಿಎಲ್‌ಸಿಯಲ್ಲೇ ಕೇಳುತ್ತಾರೆ. ದ್ರುತ್ ಶುರುವಾಗುವ ಮೊದಲು ಬರುವ ಆ ಮೌನಕ್ಕೆ "ಅದು ಕ್ಯಾಸೆಟ್ ತಿರುಗಿಸೋ ಹೊತ್ತು ಕಣೋ" ಅನ್ನುತ್ತಾರೆ.